ಎರಡನೆಯ ಬೀಗ

ಅಮೆರಿಕದ ಡುಲೂತ್‌ನ ಶಾಲೆಯೊಂದರ ತಾರಸಿಯ ಮೇಲೆ, ಕೊಠಡಿಗಳನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ರಿಪೇರಿ ಮಾಡುತ್ತಿದ್ದೆ. ನಮ್ಮಲ್ಲಿ ಕೆಲಸಕ್ಕಿಳಿದವನು, ತಾನು ಒಳಗಿರುವಾಗ ಯಾರೂ ಚಾಲೂ ಮಾಡದಿರಲೆಂದು, ಆರಿಸಿದ ಸ್ವಿಚ್ಚಿಗೆ ತನ್ನ ಬೀಗ ಹಾಕುತ್ತಾನೆ; ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೆಲಸ ಮುಗಿಸಿ ನನ್ನದನ್ನು ತೆಗೆಯಲು ಹೋದರೆ ಪಕ್ಕದಲ್ಲಿ ಇನ್ನೊಂದು ಬೀಗವಿತ್ತು. ಹಿಮದಲ್ಲಿ ನನ್ನ ಹೆಜ್ಜೆಗಳು ಮಾತ್ರ. ಮುಟ್ಟಿದೆ, ಆಗಷ್ಟೇ ಜೇಬಿನಿಂದ ತೆಗೆದಂತೆ ಬೆಚ್ಚಗಿತ್ತು.

ಜೊತೆಗಾರ ಆರ್ವೋಗೆ ಫೋನ್ ಮಾಡಿದೆ. "ನೀನೂ ಬೀಗ ಹಾಕಿದ್ಯಾ?"

"ನಾನು ವ್ಯಾನಿಂದ ಇಳಿದೇ ಇಲ್ಲ ಮಾರಾಯ. ಯಾರೋ ಮರೆತು ಹೋಗಿರ್ತಾರೆ. ಮಕ್ಕಳು ನಡುಗ್ತಿದಾರೆ, ಕತ್ತರಿಸಿ ಬಿಸಾಕು."

ಕತ್ತರಿಸಿದೆ. ನನ್ನದನ್ನೂ ತೆಗೆದು ಸ್ವಿಚ್ ಹಾಕಿದೆ. ಉರಿ ಹತ್ತಿತು. ಫರ್ನೇಸಿನ ಒಳಗಿನಿಂದ ತಗಡಿನ ಮೇಲೆ ಮೂರು ಪೆಟ್ಟು ಕೇಳಿಸಿತು, 'ತಡಿ, ನಾನಿನ್ನೂ ಇದೀನಿ' ಎಂದು ನಾವು ಬಡಿಯುವ ಹಾಗೆ.

ಆರಿಸಿ ಬಾಗಿಲು ತೆಗೆದೆ. ಒಳಗೆ ಬೆಕ್ಕು ನುಸುಳುವಷ್ಟೂ ಜಾಗವಿರಲಿಲ್ಲ.

ಕತ್ತರಿಸಿದ ಬೀಗ ಹನ್ನೊಂದು ಚಳಿಗಾಲದಿಂದ ನನ್ನ ಪೆಟ್ಟಿಗೆಯಲ್ಲಿದೆ. ಇನ್ನೂ ತಣ್ಣಗಾಗಿಲ್ಲ.