ಆರ್ಗನ್ ಮೇಲಿನ ಕನ್ನಡಿ

"ಗಲ್ಲ ಇಲ್ಲಿಡಿ. ಹಣೆ ಮುಂದಕ್ಕೆ. ಕಣ್ಣು ಮಿಟುಕಿಸಬೇಡಿ. ನಾನೇನೂ ಅಪಾರ್ಥ ಮಾಡ್ಕೊಳ್ಳಲ್ಲ, ಆದ್ರೆ ಮಷೀನ್ ಮಾಡ್ಕೊಳ್ಳುತ್ತೆ."

ಕನ್ನಡಕದಂಗಡಿಯ ಕತ್ತಲೆ ಕೋಣೆಯಲ್ಲಿ ಕೂತಿದ್ದವನು ನಗಲಿಲ್ಲ. ಅವನ ಬೆರಳುಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದವು.

"ಬುಲ್‌ಬುಲ್?" ಎಂದ.

ಅವನ ಕಣ್ಣು ಪರೀಕ್ಷಿಸುತ್ತಿದ್ದವಳ ಕೈಯಲ್ಲಿದ್ದ ಲೆನ್ಸ್ ಟ್ರೇ ಮೇಲೆ ಟಣ್ ಎಂದು ಬಿತ್ತು. ಬುಲ್‌ಬುಲ್ ಎಂದರೆ ಅವಳ ಅಕ್ಕ. ತೀರಿಕೊಂಡು ವರ್ಷದ ಮೇಲಾಗಿತ್ತು. ಅಕ್ಕನನ್ನು ಆ ಹೆಸರಿನಿಂದ ಕರೆಯುತ್ತಿದ್ದವನು ಒಬ್ಬನೇ: ಅವಳನ್ನು ಮದುವೆಯಾಗಬೇಕಿದ್ದ ಚರ್ಚಿನ ಆರ್ಗನ್ ಮಾಷ್ಟ್ರು. ಶವಪೆಟ್ಟಿಗೆಯ ಹಿಂದೆ ನಡೆದವನು ಮರುವಾರವೇ ಊರು ಬಿಟ್ಟಿದ್ದ. ಈಗ ಬಂದಿದ್ದಾನೆ, ಕಣ್ಣು ಮಂಜು ಮಾಡಿಕೊಂಡು.

"ಬುಲ್‌ಬುಲ್ ಅಲ್ಲ ಭಾವ. ಗಿಳಿ."

ಗಿಳಿ ಎಂಬ ಹೆಸರಿಟ್ಟವಳು ಅಕ್ಕನೇ. ಯಾರ ಧ್ವನಿಯಾದರೂ ಸರಿ, ಒಮ್ಮೆ ಕಿವಿಗೆ ಬಿದ್ದರೆ ಇವಳ ಗಂಟಲಿಗಿಳಿಯುತ್ತಿತ್ತು. ಪಾಸ್ಟರರ ಕೆಮ್ಮು, ಪಕ್ಕದ ಮನೆ ಅತ್ತೆಯ ಸೊಸೆಪುರಾಣ, ಫೋನಿನಲ್ಲಿ ದಯವಿಟ್ಟು ಕಾಯಿರಿ ಎನ್ನುವ, ತಾನು ಮಾತ್ರ ಕಾಯದ ಹೆಂಗಸು, ಎಲ್ಲ. ಮಾಷ್ಟ್ರು ಮನೆಗೆ ಬಂದಾಗಲೆಲ್ಲ ಓಡಿಹೋಗಿ ಬಾಗಿಲು ತೆರೆಯುತ್ತಿದ್ದವಳು ಇವಳು. "ಅಕ್ಕ ಇದ್ದಾಳಾ?" ಎಂದು ಅವನು ಇವಳ ತಲೆಯ ಮೇಲಿಂದ ಒಳಗೆ ಇಣುಕುತ್ತಿದ್ದ. ಅದೇ ಪ್ರಶ್ನೆಯನ್ನು ಅವನದೇ ಧ್ವನಿಯಲ್ಲಿ ಒಳಕ್ಕೆ ಕೂಗಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದಳು. ಬಾಗಿಲು ತೆರೆದವಳನ್ನು ಒಂದು ಸಲವಾದರೂ ನೋಡಲಿ ಎಂಬ ಆಸೆ ಆ ನಗುವಿನ ಅಡಿಯಲ್ಲಿ ಕೂತಿತ್ತು. ಭಾವ ಎಂಬ ಎರಡಕ್ಷರದಲ್ಲಿ ಅವಳು ತುಂಬಿಟ್ಟಿದ್ದ ಭಾವ ಯಾರಿಗೂ ಗೊತ್ತಾಗಲಿಲ್ಲ.

"ಆದ್ರೆ ಈ ಧ್ವನಿ..."

"ಅದಾ? ಅಮ್ಮನಿಗೋಸ್ಕರ ಶುರುವಾಗಿದ್ದು."

ಅಕ್ಕ ಹೋದ ಹೊಸದರಲ್ಲಿ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. "ಅವಳ ಹಾಗೆ ಒಂದೇ ಒಂದ್ಸಲ ಅಮ್ಮಾ ಅನ್ನೇ" ಎಂದು ಬೇಡಿದಳು. ಇವಳು ಅಂದಳು. ಅಮ್ಮ ಎದ್ದು ಊಟ ಮಾಡಿದಳು. ಆಮೇಲೆ ನಿಲ್ಲಿಸುವುದು ಹೇಗೆ? ಅಡುಗೆಮನೆಯಲ್ಲಿ ಹಾಕಿಕೊಂಡ ವೇಷ ಅಂಗಡಿಗೂ ಬಂತು, ಚರ್ಚಿಗೂ ಬಂತು. ಪ್ರಾರ್ಥನೆಯನ್ನೂ ಅಕ್ಕನ ಮಾತುಗಳಲ್ಲೇ ಮಾಡುತ್ತಿದ್ದಳು. ಅಕ್ಕನ ಮಾತನ್ನಾದರೆ ದೇವರು ಕೇಳಿಯಾನು. ಹಿಂದಿನ ಬೆಂಚಿನಲ್ಲಿ ಕೂತು ಪಾಸ್ಟರರನ್ನು ಅಣಕಿಸುತ್ತಿದ್ದವಳಿಗೆ ಯಾರು ಕಿವಿಗೊಡುತ್ತಾರೆ?

"ಇನ್ನೂ ಏನಾದ್ರೂ ಹೇಳು," ಎಂದ ಅವನು, ಕಣ್ಣು ಮುಚ್ಚಿ.

"ಏನು ಹೇಳ್ಲಿ?"

"ಏನಾದ್ರೂ."

ಇಷ್ಟು ವರ್ಷಗಳಲ್ಲಿ ಅವನು ಅವಳಿಂದ ಏನಾದರೂ ಕೇಳಿದ್ದು ಇದೇ ಮೊದಲು. ಗೋಡೆಯ ಮೇಲಿದ್ದ ಅಕ್ಷರದ ಹಲಗೆಯನ್ನೇ ಅವಳು ಮೇಲಿನಿಂದ ಕೆಳಗಿನವರೆಗೆ ಅಕ್ಕನ ಜೇನುದನಿಯಲ್ಲಿ ಓದಿದಳು. ಅರ್ಥವಿಲ್ಲದ ಆ ಅಕ್ಷರಗಳನ್ನು ಅವನು ಪ್ರೇಮಪತ್ರ ಕೇಳುವವನ ಹಾಗೆ ಕೇಳಿದ.

ಮರುವಾರ ಅವನು ಮತ್ತೆ ಚರ್ಚಿನ ಆರ್ಗನ್ ಮುಂದಿದ್ದ; ಅವಳು ಗಾಯನ ತಂಡದಲ್ಲಿ ಅಕ್ಕನ ಕುರ್ಚಿಯಲ್ಲಿ ಕೂತಿದ್ದಳು, ಎತ್ತರದ ಸ್ವರದವರ ಮುಂದಿನ ಸಾಲಿನಲ್ಲಿ.

ಆರ್ಗನ್ ನುಡಿಸುವವನು ಹಾಡುವವರಿಗೆ ಬೆನ್ನು ಹಾಕಿ ಕೂರುತ್ತಾನೆ. ಅದಕ್ಕೇ ಅವನ ಕಣ್ಣಿನ ಮಟ್ಟದಲ್ಲಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಆ ಅಂಗೈಯಗಲದ ಗಾಜಿನಲ್ಲಿ ಅವರ ಪ್ರೇಮ ಹುಟ್ಟಿತು. ಅವನು ಹುಬ್ಬೇರಿಸಿದರೆ ಅವಳು ಹಾಡಿನ ಪುಸ್ತಕದ ಹಿಂದೆ ಅಡಗುತ್ತಿದ್ದಳು. ಅವಳು ಪಾಸ್ಟರರ ಕೆಮ್ಮನ್ನು ಬಾಯಲ್ಲೇ ಮೂಕಾಭಿನಯ ಮಾಡಿದರೆ ಅವನ ಎಡಗೈ ತಪ್ಪು ಸ್ವರದ ಮನೆಗೆ ಹೋಗಿ ಬಾಗಿಲು ತಟ್ಟುತ್ತಿತ್ತು.

"ಕನ್ನಡಿ ನೋಡ್ಕೊಂಡು ನುಡಿಸೋರು ಇಷ್ಟು ತಪ್ಪು ಮಾಡ್ತಾರಾ?"

"ಕನ್ನಡಿ ನೋಡೋದ್ರಿಂದಲೇ ತಪ್ಪು ಆಗೋದು."

ಎಂಥ ಮುದ್ದಾದ ಮಾತು! ಅದು ನಿಜವೂ ಆಗಿತ್ತೆಂದು ಅವಳಿಗೆ ತಿಳಿದದ್ದು ಆಮೇಲೆ.

ಒಂದು ಸಂಜೆ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅವನು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ.

"ಇನ್ಮೇಲೆ ಭಾವ ಅನ್ಬೇಡ."

"ಮತ್ತೇನನ್ಲಿ? ಮಾಷ್ಟ್ರೇ ಅಂದ್ರೆ ಹೋಮ್‌ವರ್ಕ್ ನೆನಪಾಗುತ್ತೆ."

"ಮದುವೆ ಆಗೋಣ. ಆಮೇಲೆ ಏನು ಬೇಕಾದ್ರೂ ಅನ್ನು."

ಅವಳಿಗೆ ಎಲ್ಲಿತ್ತೋ ಅಷ್ಟು ಸಂತೋಷ, ಹೊಟ್ಟೆಯಿಂದ ಎದ್ದು ಬಂತು. ಮೂಗಿನಲ್ಲಿ ಗೊರಕೆ ಹೊಡೆದಂತೆ, ಕುದಿಯುವ ನೀರಿನ ಮುಚ್ಚಳ ಹಾರಿದಂತೆ ನಕ್ಕಳು. ಅದು ಅವಳ ಸ್ವಂತ ನಗು. ಅಕ್ಕ ಹೋದ ಮೇಲೆ ಹೊರಬಂದೇ ಇರಲಿಲ್ಲ.

ಅವನ ಮುಖ ಮುದುಡಿತು. "ಹಾಗೆ ನಗ್ಬೇಡ," ಎಂದ ಮೆತ್ತಗೆ, ಅವಳ ಕೈ ಸವರುತ್ತ. "ಅದು ನೀನಲ್ಲ."

ಅವಳು ಅಕ್ಕನ ಹಾಗೆ ನಕ್ಕು ತೋರಿಸಿದಳು. ಅವನು ಅವಳ ಬೆರಳಿಗೆ ಮುತ್ತಿಟ್ಟ. ಬಯಸಿದ ಮುತ್ತು ಸಿಕ್ಕಿತ್ತು, ಬೇರೆಯವರ ವಿಳಾಸಕ್ಕೆ ಬಂದದ್ದು.

ಆ ತಿಂಗಳೇ ಅವಳ ಗಂಟಲು ಕೈಕೊಟ್ಟಿತು. ದಪ್ಪ ದನಿಯವಳು ಮೇಲಿನ ಸ್ವರವನ್ನೇ ಎಳೆದರೆ ಇನ್ನೇನಾದೀತು? ಡಾಕ್ಟರು ನೋಡಿ, ಬಾಯಿ ಮುಚ್ಚಿಕೊಂಡಿರಮ್ಮ ಎಂದು ಗೌರವಪೂರ್ವಕವಾಗಿ ಹೇಳಿದರು.

ಪಾಸ್ಟರರು ತಮ್ಮ ಕನ್ನಡಕದ ಮೇಲೆ ತಾವೇ ಕೂರುವುದರಲ್ಲಿ ಪಳಗಿದವರು. ರಿಪೇರಿಯಾದ ಕನ್ನಡಕ ಕೊಡಲು ಅವಳು ಚರ್ಚಿಗೆ ಹೋದಾಗ ಅವರು ಮೇಣದಬತ್ತಿಯ ಕಲೆಗಳನ್ನು ಚಾಕುವಿನಿಂದ ಕೆರೆಯುತ್ತಿದ್ದರು.

"ಏನಮ್ಮ, ಇವತ್ತು ಯಾರ ಗಂಟಲು?"

"ಬಾಡಿಗೆದು ಖಾಲಿ ಮಾಡಿಸಿದ್ರು ಪಾಸ್ಟರ್," ಎಂದಳು ಗೊಗ್ಗರು ದನಿಯಲ್ಲಿ.

"ನನ್ನ ಕೆಮ್ಮಾದ್ರೂ ಉಳಿದಿದೆಯೋ?"

ಅವರಿಗೂ ಗೊತ್ತಿತ್ತು! ಅವಳು ಕೆಮ್ಮಿ ತೋರಿಸಿದಳು. ಅವರು ನಕ್ಕು ನಕ್ಕು ನಿಜವಾಗಿಯೇ ಕೆಮ್ಮಿದರು. ಆ ಕೆಮ್ಮು ನಿಲ್ಲುವಷ್ಟರಲ್ಲಿ ಅವಳು ಅಳುತ್ತಿದ್ದಳು.

"ಅಕ್ಕನ ಜಾಗದಲ್ಲಿ ನಿಂತು ನಿಂತು ಸಾಕಾಗಿದೆ ಪಾಸ್ಟರ್. ಆದ್ರೆ ನಾನು ಪಕ್ಕಕ್ಕೆ ಸರಿದ್ರೆ ಅಮ್ಮ ಬಿದ್ದೋಗ್ತಾಳೆ. ಅವರು ಬಿಟ್ಟೋಗ್ತಾರೆ."

ಪಾಸ್ಟರರು ಚಾಕು ಕೆಳಗಿಟ್ಟರು. "ಇನ್ನೊಬ್ಬರ ಜಾಗದಲ್ಲಿ ನಿಲ್ಲೋ ಕೆಲಸ ಇದೆಯಲ್ಲ, ಅದನ್ನ ಒಬ್ಬನು ಶಿಲುಬೆ ಮೇಲೆ ಮಾಡಿ ಮುಗಿಸಿದ್ದಾನೆ. ಆ ಪೋಸ್ಟ್ ಭರ್ತಿಯಾಗಿದೆ ಮಗಳೇ. ನೀನ್ಯಾಕೆ ಇನ್ನೂ ಅರ್ಜಿ ಹಾಕ್ತಿದ್ದೀಯ?"

"ಹಾಗಾದ್ರೆ ನಾನ್ಯಾರು?"

"ಕರೆದವನನ್ನ ಕೇಳು. ಒಡೆದ ದನಿಗೂ ಒಬ್ಬ ಒಡೆಯ ಇದ್ದಾನೆ." ಅವರು ಕನ್ನಡಕ ಏರಿಸಿಕೊಂಡು ಅವಳನ್ನು ನೇರವಾಗಿ ನೋಡಿದರು. "ಆದ್ರೆ ಒಂದು ಮಾತು. ಕೃಪೆ ಪುಕ್ಕಟೆ, ನಿಜ. ಅದನ್ನ ತಗೊಳ್ಳೋಕೆ ಕೈ ಚಾಚಿದಾಗ ಕೈಯಲ್ಲಿ ಹಿಡ್ಕೊಂಡಿರೋದು ಬೀಳುತ್ತೆ. ಬೀಳಲ್ಲ ಅಂತ ನಾನು ಸುಳ್ಳು ಹೇಳಲ್ಲ."

ಅವರು ಹೋದ ಮೇಲೆ ಅವಳು ಹಳೆಯ ಹಿಂದಿನ ಬೆಂಚಿನಲ್ಲಿ ಕೂತಳು. ಅಕ್ಕನ ಪ್ರಾರ್ಥನೆ ಶುರುಮಾಡಿದಳು. ಗಂಟಲು ಏಳಲಿಲ್ಲ. ಮತ್ತೆ ಯತ್ನಿಸಿದಳು. ಕೊನೆಗೆ ಉಳಿದದ್ದು ಒಂದು ಒರಟು ಸದ್ದು: "ನಾನು."

ಬೆಳಕೇನೂ ಇಳಿಯಲಿಲ್ಲ. ಗಂಟೆಗಳೂ ಮೊಳಗಲಿಲ್ಲ. ಆದರೆ ಆ ಮೌನದಲ್ಲಿ ಯಾರೋ ಅವಳ ಮನಸ್ಸಿನ ಬಾಗಿಲಲ್ಲಿ ನಿಂತಿದ್ದರು. ಅವಳೇ ಬಾಗಿಲು ತೆರೆದಿದ್ದಳು. ಬಂದವನು ಅವಳ ತಲೆಯ ಮೇಲಿಂದ ಒಳಗೆ ಇಣುಕಲಿಲ್ಲ, ಅಕ್ಕ ಇದ್ದಾಳಾ ಎಂದು ಕೇಳಲಿಲ್ಲ. ಅವಳನ್ನು ನೋಡಲೆಂದೇ ಬಂದಿದ್ದ. ಕೀಟಲೆ, ಹೊಟ್ಟೆಕಿಚ್ಚು, ಅಕ್ಕನ ಶವದ ಮುಂದೆ ನಿಂತು ಮನಸ್ಸಿನ ಮೂಲೆಯಲ್ಲಿ ಮೂಡಿದ್ದ ಆ ಹಾಳು ಆಸೆ, ಎಲ್ಲವನ್ನೂ ನೋಡಿಯೂ ಅವನು ಹೊಸ್ತಿಲಲ್ಲೇ ನಿಂತಿದ್ದ.

ಗಂಟಲು ವಾಸಿಯಾಯಿತು. ಸ್ವಂತ ದನಿಯೇ ಮರಳಿತು. ಮನೆಯಲ್ಲಿ ಊಟದ ಹೊತ್ತಿಗೆ "ಅಮ್ಮಾ" ಎಂದಳು, ತನ್ನ ಹಾಗೆ. ಅಮ್ಮನ ಕೈಯ ಸೌಟು ನಿಂತಿತು.

"ಅವಳನ್ನ ಎಲ್ಲಿ ಬಿಟ್ಟು ಬಂದೆ?" ಎಂದಳು ಅಮ್ಮ.

ಇಬ್ಬರೂ ಉಣ್ಣಲಿಲ್ಲ.

ಆರ್ಗನ್ ನುಡಿಸುವವನು ಇಷ್ಟು ದಿನ ಒಯ್ಯದೆ ಬಿಟ್ಟಿದ್ದ ಹೊಸ ಕನ್ನಡಕಕ್ಕೆಂದು ಅಂಗಡಿಗೆ ಬಂದ. ಅವಳು ಅವನನ್ನು ಅದೇ ಕತ್ತಲೆ ಕೋಣೆಯ ಅದೇ ಕುರ್ಚಿಯಲ್ಲಿ ಕೂರಿಸಿದಳು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದಳು. ಕೃಪೆ ಸಿಕ್ಕವರಿಗೆ ಭಯವಾಗುವುದಿಲ್ಲವೆಂದು ಯಾರು ಹೇಳಿದರು?

"ಕೊನೇ ಟೆಸ್ಟ್. ಕಣ್ಣು ಮುಚ್ಚಿ. ಯಾವುದು ಬೇಕು ಹೇಳಿ. ಒಂದು." ಅದನ್ನು ಅಕ್ಕನ ದನಿಯಲ್ಲಿ ಹೇಳಿದಳು, ಕಟ್ಟಕಡೆಯ ಸಲ. "ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವನ ಮುಖದಲ್ಲಿ ದೀಪ ಹತ್ತಿತು.

"ಎರಡು." ಈಗ ತನ್ನದು, ದಪ್ಪನೆಯದು, ಅಂಚು ಒರಟಾದದ್ದು. "ನಾನು ನಿಮ್ಮನ್ನ ಪ್ರೀತಿಸ್ತೀನಿ. ಅಕ್ಕ ನಿಮ್ಮನ್ನ ನೋಡೋಕೂ ಮುಂಚೆ ಬಾಗಿಲು ತೆಗೆದವಳು ನಾನು."

ಅವನು ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿಂದ ನೀರಿಳಿಯಿತು. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು!

"ಎರಡನೇದು ಯಾರೂಂತ ನನಗೆ ಗೊತ್ತೇ ಇಲ್ಲ ಗಿಳಿ," ಎಂದ. "ಗೊತ್ತು ಮಾಡ್ಕೊಳ್ಳೋಕೆ ನನ್ನಲ್ಲಿ ಏನೂ ಉಳಿದಿಲ್ಲ. ನಂಗೆ ಅವಳೇ ಬೇಕು. ಸ್ವಲ್ಪ ದಿನ... ಮೊದಲಿನ ಹಾಗೇ ಇರ್ತೀಯಾ? ನನಗೋಸ್ಕರ?"

ಇರುತ್ತೇನೆ ಎಂದರೆ ಅವನು ಅವಳವನು. ಒಂದೇ ಮಾತು. ಆ ಮಾತು ಅಕ್ಕನ ದನಿಯಲ್ಲಿ ನಾಲಿಗೆ ತುದಿಯವರೆಗೆ ಬಂತು.

"ಇಲ್ಲ ಭಾವ," ಎಂದಳು.

ಅವನನ್ನು ಅಲ್ಲೇ ಕ್ಷಮಿಸಿದಳು. ಕ್ಷಮಿಸಿದವನಿಗೆ ಕನ್ನಡಕ ತೊಡಿಸಿ, ಕಿವಿಯ ಹಿಂದೆ ಸರಿಮಾಡಿ, ಬಾಗಿಲವರೆಗೆ ಬಿಟ್ಟುಬರುವುದು ಕಷ್ಟವಾಯಿತು.

ಭಾನುವಾರ ಅವಳು ಕಂಬದ ಮರೆಯ ಸಾಲಿಗೆ ಹೋಗಿ ದಪ್ಪ ದನಿಯವರ ಜೊತೆ ನಿಂತಳು. ಮುಂದಿನ ಸಾಲಿನ ಕುರ್ಚಿ ಖಾಲಿ. ಇಲ್ಲಿಂದ ಅವಳಿಗೆ ಕನ್ನಡಿ ಕಾಣುತ್ತಿತ್ತು. ಆದರೆ ಇವಳು ಅವನಿಗೆ ಕಾಣಬೇಕೆಂದರೆ ಅವನು ಕನ್ನಡಿಯನ್ನು ಈ ಕಡೆ ತಿರುಗಿಸಬೇಕು. ಇಲ್ಲವೇ ತಾನೇ ತಿರುಗಬೇಕು.

ಹಾಡು ಶುರುವಾಯಿತು. ಅವಳ ದನಿ ಕೆಳಗಿನಿಂದ ಎದ್ದಿತು, ಯಾರ ಹಾಗೂ ಅಲ್ಲದೆ. ಬೆಂಚುಗಳ ನಡುವೆ ಕೂತಿದ್ದ ಅಮ್ಮ ಬೆಚ್ಚಿ, ತಲೆ ತಗ್ಗಿಸಿದಳು. ಆರ್ಗನ್ ಒಂದು ಕ್ಷಣ ತಡವರಿಸಿತು. ಅವನೂ ಕೇಳಿಸಿಕೊಂಡಿದ್ದ.

ಅವನ ಬಲಗೈ ಮೇಲೆದ್ದು ಕನ್ನಡಿಯನ್ನು ಮುಟ್ಟಿತು. ಅವಳು ಕಂಬದ ಮರೆಯಿಂದ ಅರ್ಧ ಹೆಜ್ಜೆ ಮುಂದೆ ಬಂದಳು. ಅವನು ಅದನ್ನು ಮೆಲ್ಲಗೆ ವಾಲಿಸಿದ. ಖಾಲಿ ಕುರ್ಚಿ ಕನ್ನಡಿಯ ನಟ್ಟನಡುವೆ ಬಂದು ನಿಂತಿತು. ಆಮೇಲೆ ಅವನ ಕೈ ಕೆಳಗಿಳಿದು, ಒಂದೂ ತಪ್ಪಿಲ್ಲದೆ ನುಡಿಸತೊಡಗಿತು.

ಅವಳ ದನಿ ಒಡೆಯಿತು. ಪಕ್ಕದವಳು ಮೊಣಕೈ ತಾಗಿಸಿ ಪುಸ್ತಕದಲ್ಲಿ ಸಾಲು ತೋರಿಸಿದಳು. ಗಿಳಿ ಮೂಗೊರೆಸಿಕೊಂಡು, ಎರಡನೆಯ ಚರಣವನ್ನು ತನ್ನ ದನಿಯಲ್ಲೇ ಹಾಡಿದಳು.