ಹೊರಗೈ ಹಿಡಿದ ಹರಳುಗಳು

ಬಹಳ ಹಿಂದೆ, ಕರಿಹರಳುಗಳಿಗೆ ಮಾತು ಬರುತ್ತಿದ್ದ ಒಂದು ರಾಜ್ಯವಿತ್ತು. ಅಲ್ಲಿನ ಪುಟ್ಟ ರಾಜಕುಮಾರ ಕೇತನನ್ನು ಒಯ್ಯಲು ಜಂಭಾಕ್ಷನೆಂಬ ಮಾಂತ್ರಿಕ ಉಕ್ಕಿನ ಕೋರೆಯ ಹಂದಿಯನ್ನು ಬಿಟ್ಟಿದ್ದ. ದಿನಕ್ಕೊಂದು ಗೋಡೆಯಂತೆ ಮೂರು ದಿನ ಅದು ಗುದ್ದಬಹುದು. ಮೂರನೆಯದೂ ಬಿದ್ದರೆ ಮಗು ಅವನದು.

ಕೇತನಿದ್ದ ಗೋಪುರದ ಸುತ್ತ ಗೋಡೆ ಕಟ್ಟುವವಳು ಸಿರಿಯವ್ವ. ಹನ್ನೆರಡು ಹರಳು ಸೇರಿದರೆ ಇಪ್ಪತ್ತು ಮುಖದ ಒಂದು ದುಂಡು ಮನೆ; ಅಂಥ ಮನೆಗಳು ಒಂದಕ್ಕೊಂದು ಸೇರಿದರೆ ಗೋಡೆ. ಪ್ರತಿ ಹರಳಿಗೆ ಆರು ಕೈ, ಆದರೆ ಮೂರೇ ಪಾಲು ಬಲ. ಐದು ಕೈ ಮನೆಯವರನ್ನು ಹಿಡಿಯಲು, ಒಂದು ಹೊರಗೈ ಪಕ್ಕದ ಮನೆಯನ್ನು ಹಿಡಿಯಲು. ಬಲವನ್ನೆಲ್ಲ ಒಳಗೇ ಇಡುವುದು ಅಲ್ಲಿನ ಪದ್ಧತಿ.

ಮೊದಲ ದಿನ ಹಂದಿ ಗುದ್ದಿತು. ಗೋಡೆ ಬಿತ್ತು.

ಸಿರಿಯವ್ವ ಎರಡನೆಯ ಗೋಡೆಯ ಮನೆಗಳನ್ನು ಇನ್ನೂ ಬಿಗಿದಳು. ಹಂದಿ ಗುದ್ದಿತು. ಅದೂ ಬಿತ್ತು.

"ಅಕ್ಕಾ, ಹಂದಿ ಹತ್ತಿರ ಬಂತಾ?" ಗೋಪುರದಿಂದ ಕೇತ ಕೂಗಿದ.

"ಇನ್ನೂ ಇಲ್ಲಪ್ಪ," ಎಂದಳು.

ಬಿದ್ದ ಮನೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದೂ ಒಡೆದಿರಲಿಲ್ಲ. ಬಟಾಣಿಯಂತೆ ಉರುಳಿಹೋಗಿದ್ದವು, ಅಷ್ಟೆ.

"ನಿಮ್ಮ ಹೊರಗೈಯಲ್ಲಿ ಬಲ ಎಷ್ಟಿದೆ?"

"ಎಲ್ಲಿಂದ ಬರಬೇಕಮ್ಮ? ಎಲ್ಲ ಒಳಗೇ ಮುಗಿಯಿತು," ಎಂದವು ಹರಳುಗಳು.

"ಒಂದು ಪೂರ್ತಿ ಪಾಲು ಹೊರಗೈಗೆ ಕೊಡಿ. ಉಳಿದ ಎರಡರಲ್ಲಿ ಒಳಗೆ ಮೂವರು ಸೇರಿ ಒಂದು ಹಿಡಿತ ಹಂಚಿಕೊಳ್ಳಿ."

ಮುದಿ ಮೇಸ್ತ್ರಿ ಬಾಚಯ್ಯ ಸಿಡುಕಿದ. "ಮನೆ ಸಡಿಲ ಮಾಡಿ ಗೋಡೆ ಗಟ್ಟಿ ಮಾಡ್ತೀಯಾ? ಮಗು ಹೋದರೆ ರಾಣಿಗೆ ನೀನೇ ಹೇಳು!"

"ನಾನೇ ಹೇಳ್ತೀನಿ ಬಿಡಿ ಮಾವ. ಆ ಸರಳು ಕೊಡಿ."

ಮೂರನೆಯ ಗೋಡೆಯ ದುಂಡು ಮನೆಗಳ ನಡುವೆ ಸಂದು ಉಳಿಯುತ್ತದಲ್ಲ, ಅಲ್ಲಿ ಮೂರು ಹರಳಿನ ಪುಟ್ಟ ಸರಳುಗಳನ್ನು ಕೂರಿಸಿದಳು. ಬಾಗಿಲಿದ್ದ ಜಾಗವನ್ನೂ ಸೇರಿಸಿ ಕಟ್ಟಿಬಿಟ್ಟಳು. ಇನ್ನು ತಪ್ಪಾದರೆ ತಿದ್ದಲು ನಾಲ್ಕನೆಯ ಗೋಡೆ ಇರಲಿಲ್ಲ.

ಮೂರನೆಯ ದಿನ ಹಂದಿ ಗುದ್ದಿತು. ಮನೆಗಳು ಒಳಕ್ಕೆ ಕುಗ್ಗಿದವು. ರಾಣಿ ಕಣ್ಣು ಮುಚ್ಚಿಕೊಂಡಳು. ಮನೆಗಳು ಮತ್ತೆ ಉಬ್ಬಿದವು. ಯಾವ ಹರಳೂ ಹೊರಗೈ ಬಿಡಲಿಲ್ಲ. ಜಂಭಾಕ್ಷ ತನ್ನ ಮಂತ್ರವನ್ನೆಲ್ಲ ಕೋರೆಗೆ ತುಂಬಿ ಮತ್ತೊಮ್ಮೆ ಗುದ್ದಿಸಿದ. ಕೋರೆ ಪುಡಿಯಾಯಿತು, ಮಂತ್ರವೂ ಹೋಯಿತು. ಹಂದಿ ಕಾಡಿಗೆ ಓಡಿತು. ಮಾಂತ್ರಿಕ ಬರಿಗೈ ಮುದುಕನಾಗಿ ಎದ್ದುಹೋದ.

ಬಾಗಿಲು ಕೊರೆಯಲು ಹೋದರೆ ಉಳಿಗಳೆಲ್ಲ ಮೊಂಡಾದವು.

"ಈಗ ನನ್ನ ಮಗು ಹೊರಗೆ ಬರೋದು ಹೇಗೆ?" ಎಂದಳು ರಾಣಿ.

"ಏಣಿ ತರಿಸಿ, ತಾಯಿ," ಎಂದಳು ಸಿರಿಯವ್ವ.

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ನೆಮ್ಮದಿಯಾಗಿದ್ದರು. ಏಣಿ ಇಳಿದು ಆಡಲು ಹೋದ ಕೇತನನ್ನು ಊಟಕ್ಕೆ ಎರಡೆರಡು ಸಲ ಕೂಗಬೇಕಾಗುತ್ತಿತ್ತು. ರಾಣಿ ಒಂದು ದಿನವೂ ಬೇಸರಿಸಲಿಲ್ಲ.