ಕೇಳದೆ ತುಂಬಿದ ಸೂಟ್‌ಕೇಸ್

“ಏಳೇ ಅದರ ಮೇಲಿಂದ!”

“ಏಳಲ್ಲ.”

“ಹೊತ್ತಾಯ್ತು ಚಂಡಿ. ದೊಡ್ಡಮ್ಮ ಕೆಲಸಕ್ಕೆ ಹೊರಡ್ಬೇಕು. ನಿನ್ನನ್ನೂ ಅಂಗಡಿಗೆ ಕರ್ಕೊಂಡು ಹೋಗ್ತಾರಂತೆ. ಒಂದು ಒಳ್ಳೆ ಬಟ್ಟೆ ತೆಗೆದು ಹಾಕ್ಕೋ.”

“ಹಾಕ್ಕೊಳಲ್ಲ ಅಂದ್ರೆ ಹಾಕ್ಕೊಳಲ್ಲ!”

ಚಂಡಿ ಸೂಟ್‌ಕೇಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅಮ್ಮ ಹಿಡಿಕೆ ಹಿಡಿದು ಎಳೆದಳು. ಸೂಟ್‌ಕೇಸಿಗೆ ಚಕ್ರಗಳಿದ್ದವಲ್ಲ, ಅದು ಚಂಡಿಯನ್ನು ಹೊತ್ತುಕೊಂಡೇ ಕೋಣೆಯ ಆ ಕಡೆಯಿಂದ ಈ ಕಡೆಗೆ ಉರುಳಿತು. ಚಂಡಿ ಮಾತ್ರ ಇಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. “ಇರ್ಲಿ ಬಿಡೇ. ಹಾಗೇ ಬರ್ಲಿ” ಎಂದರು.

“ಹಾಗೇನಾ? ಈ ಫ್ರಾಕಲ್ಲಾ?” ಅಮ್ಮ ಹಣೆ ಹಣೆ ಚಚ್ಚಿಕೊಂಡಳು.

ಅದು ಕಂದು ಚೌಕುಳಿಯ ಫ್ರಾಕು. ಚಂಡಿಯ ಮನೆ ಇರುವ ಬೀದಿಯ ಟೈಲರ್ ಹೊಲಿದದ್ದು. ‘ಬೆಳೆಯೋ ಮಗು’ ಅಂತ ಹೇಳಿ ಹೇಳಿ, ಇಬ್ಬರು ಚಂಡಿಯರು ಹಿಡಿಯುವಷ್ಟು ದೊಡ್ಡದಾಗಿ ಹೊಲಿದಿದ್ದರು. ಮನೆಯೊಳಗೆ ಮಲಗುವಾಗ ಹಾಕಿಕೊಳ್ಳಲಿ ಎಂದು ಅಮ್ಮ ಅದನ್ನು ತಂದಿದ್ದಳು. ನಿನ್ನೆಯವರೆಗೆ ಚಂಡಿಗೂ ಆ ಫ್ರಾಕ್ ಕಂಡರೆ ಆಗುತ್ತಿರಲಿಲ್ಲ.

ನಿನ್ನೆ ಸಂಜೆ ಎಲ್ಲ ತಲೆಕೆಳಗಾಯಿತು.

ದೊಡ್ಡಮ್ಮನ ಮನೆ ಬೇರೆ ದೇಶದಲ್ಲಿದೆ. ಪ್ರತಿ ವರ್ಷ ಊರಿಗೆ ಹೊರಟವರು ಯಾರಾದರೂ ಸಿಕ್ಕರೆ ಸಾಕು, ದೊಡ್ಡಮ್ಮ ಅವರ ಕೈಯಲ್ಲಿ ಒಂದು ಸೂಟ್‌ಕೇಸ್ ಕಳಿಸುತ್ತಿದ್ದರು. ಅದರ ತುಂಬ ಬಟ್ಟೆ. ದೊಡ್ಡಮ್ಮನ ಮಗಳು ಚಂಡಿಗಿಂತ ಎರಡು ವರ್ಷ ದೊಡ್ಡವಳು. ಆ ಅಕ್ಕನಿಗೆ ಚಿಕ್ಕದಾದದ್ದೆಲ್ಲ ಚಂಡಿಗೆ ಬರುತ್ತಿತ್ತು. ಬೆನ್ನಿನ ಮೇಲೆ ಹನ್ನೊಂದು ಎಂದು ಬರೆದ ನೀಲಿ ಟೀ ಶರ್ಟ್ ಹಾಕಿಕೊಂಡು ಚಂಡಿ ಬೀದಿಗೆ ಇಳಿದರೆ ಗೆಳತಿಯರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. “ಫಾರಿನ್ನಾ?” “ಮತ್ತಿನ್ನೇನು!” ಚಂಡಿಯ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಈ ಬೇಸಿಗೆ ರಜೆಗೆ ಮೊದಲ ಸಲ ಅಮ್ಮ ಮತ್ತು ಚಂಡಿ ದೊಡ್ಡಮ್ಮನ ಮನೆಗೆ ಹೊರಟರು. ಪರದೇಶಕ್ಕೆ ಹೋಗುವಾಗ ಒಳ್ಳೊಳ್ಳೆ ಬಟ್ಟೆ ಬೇಡವೇ? ಅಮ್ಮ ಕೂತು, ಆರಿಸಿ, ಇಸ್ತ್ರಿ ಮಾಡಿ, ಫಾರಿನ್ ಬಟ್ಟೆಗಳನ್ನೇ ತುಂಬಿದಳು. ಅವೆಲ್ಲ ಇದೇ ಮನೆಯಿಂದ, ಇದೇ ಕಪಾಟಿನಿಂದ ಬಂದವು ಎನ್ನುವುದು ಅಮ್ಮನಿಗೆ ಹೊಳೆಯಲೇ ಇಲ್ಲ. ಅಷ್ಟು ಬುದ್ಧಿವಂತೆ ನಮ್ಮ ಚಂಡಿಯ ಅಮ್ಮ!

ನಿನ್ನೆ ಸಂಜೆ ಚಂಡಿ ಹನ್ನೊಂದನೇ ನಂಬರಿನ ಟೀ ಶರ್ಟ್ ಹಾಕಿಕೊಂಡು ಅಕ್ಕನ ಜೊತೆ ಕಟ್ಟಡದ ಹಿಂದಿನ ಮೈದಾನಕ್ಕೆ ಹೋದಳು. ಅಲ್ಲಿ ಏಳೆಂಟು ಮಕ್ಕಳು ಚೆಂಡು ಒದೆಯುತ್ತಿದ್ದರು. ಮಂಡಿಗೆ ಬ್ಯಾಂಡೇಜ್ ಹಾಕಿದ್ದ ಹುಡುಗನೊಬ್ಬ ಚಂಡಿಯನ್ನು ನೋಡಿದವನೇ ನಿಂತುಬಿಟ್ಟ. ಅವಳ ಬೆನ್ನಿನ ಕಡೆ ಬೆರಳು ತೋರಿಸಿದ. ಆಮೇಲೆ ಅಕ್ಕನ ಕಡೆ ತೋರಿಸಿದ. ತಮ್ಮ ಭಾಷೆಯಲ್ಲಿ ಏನೋ ಕೂಗಿದ. ಎಲ್ಲರೂ ತಿರುಗಿ ನೋಡಿದರು. ಒಂದಿಬ್ಬರು ನಕ್ಕರು.

“ಏನಂದ ಅವನು?” ಚಂಡಿ ಕೇಳಿದಳು.

“ಏನಿಲ್ಲ” ಎಂದಳು ಅಕ್ಕ.

“ಸುಳ್ಳು. ಏನಂದ ಹೇಳು.”

ಅಕ್ಕನ ಕನ್ನಡ ಸ್ವಲ್ಪ ನಿಧಾನ. ಒಂದೊಂದೇ ಮಾತು ಹುಡುಕಿ ಹೇಳಿದಳು. “ಅದು ನನ್ನ ಟೀ ಶರ್ಟ್ ಅಲ್ವಾ ಅಂತ ಕೇಳ್ದ.”

“ನೀನೇನಂದೆ?”

“ಹೌದು ಅಂದೆ.”

ಅಷ್ಟೇ. ಅಕ್ಕ ಮುಖ ತಿರುಗಿಸಿಕೊಂಡು ಆಡಲು ಓಡಿದಳು. ಚಂಡಿಯ ಮೈಯೆಲ್ಲ ಉರಿಯಿತು. ಊರಿನಲ್ಲಿ ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಿದ್ದ ಟೀ ಶರ್ಟು ಇಲ್ಲಿ ಬರೀ ಹಳೇ ಬಟ್ಟೆ. ಯಾರದೋ ಬಟ್ಟೆ. ಅದು ಯಾರದೆಂದು ಇಲ್ಲಿ ಬ್ಯಾಂಡೇಜ್ ಹುಡುಗನಿಗೂ ಗೊತ್ತು! ಅವಳು ಮೂರು ಮಹಡಿ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಬಂದು, ಟೀ ಶರ್ಟ್ ಕಿತ್ತೆಸೆದು, ಕಂದು ಫ್ರಾಕ್ ಹಾಕಿಕೊಂಡಳು. ಅದೊಂದೇ ಅವಳ ಅಳತೆ ತೆಗೆದು, ಅವಳಿಗೆಂದೇ ಹೊಲಿದ ಬಟ್ಟೆ. ಅಳತೆ ತಪ್ಪಿದ್ದರೇನಂತೆ!

ಇನ್ನು ಇಲ್ಲಿರುವಷ್ಟು ದಿನವೂ ಇದೇ ಎಂದು ಅವಳು ಪಟ್ಟು ಹಿಡಿದಳು.

ಆ ಫ್ರಾಕಿನಲ್ಲೇ ಚಂಡಿ ದೊಡ್ಡಮ್ಮನ ಜೊತೆ ಅಂಗಡಿಗೆ ಹೋದಳು. ದೊಡ್ಡಮ್ಮನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಗೋಡೆ ತುಂಬ ಕನ್ನಡಕಗಳು, ಎಲ್ಲೆಲ್ಲೂ ಕನ್ನಡಿಗಳು. ಯಾವ ಕಡೆ ತಿರುಗಿದರೂ ಕಂದು ಫ್ರಾಕಿನ ಹುಡುಗಿಯೊಬ್ಬಳು ಮುಖ ಗಂಟು ಹಾಕಿಕೊಂಡು ಎದುರಿಗೇ ಕಾಣುತ್ತಿದ್ದಳು. ಚಂಡಿ ಅವಳಿಗೆ ನಾಲಿಗೆ ಚಾಚಿದಳು.

ಹೊಸ ಕನ್ನಡಕ ತೆಗೆದುಕೊಳ್ಳಲು ಒಬ್ಬ ಅಜ್ಜ ಬಂದರು. ದೊಡ್ಡಮ್ಮ ಕನ್ನಡಕ ತೊಡಿಸಿ, ಅವರ ಕಿವಿಯ ಹಿಂದೆ ಬೆರಳಿಟ್ಟು ಏನೋ ಕೇಳಿದರು. ಅಜ್ಜ ತಲೆ ಅಲ್ಲಾಡಿಸಿದರು. ದೊಡ್ಡಮ್ಮ ಕಡ್ಡಿಯನ್ನು ಬಿಸಿ ಮಾಡಿ, ಚೂರೇ ಚೂರು ಬಗ್ಗಿಸಿ, ಮತ್ತೆ ತೊಡಿಸಿದರು. ಮತ್ತೆ ಕೇಳಿದರು. ಮೂಗಿನ ಮೇಲೆ ಮುಟ್ಟಿ ಕೇಳಿದರು. ತಲೆ ಬಗ್ಗಿಸಿ ನೋಡಿ ಎಂದು ಸನ್ನೆ ಮಾಡಿ ಕೇಳಿದರು.

“ಅಷ್ಟೊಂದು ಸಲ ಏನು ಕೇಳಿದ್ರಿ ದೊಡ್ಡಮ್ಮ?” ಅಜ್ಜ ಹೋದ ಮೇಲೆ ಚಂಡಿ ಕೇಳಿದಳು.

“ಒತ್ತುತ್ತಾ, ಜಾರುತ್ತಾ, ಸರಿಯಾಗಿದ್ಯಾ ಅಂತ. ಕೇಳದೆ ಹೇಗೆ ಗೊತ್ತಾಗುತ್ತೆ ಪುಟ್ಟಾ? ಹಾಕ್ಕೊಳೋರು ಅವರು ತಾನೆ!”

ಚಂಡಿಗೆ ಆ ಮಾತು ಹಿಡಿಸಿತು. ಹಳೇ ಬಟ್ಟೆ ಕಳಿಸಿದ ದೊಡ್ಡಮ್ಮನ ಮೇಲಿದ್ದ ಕೋಪ ಸ್ವಲ್ಪ ಕಡಿಮೆಯಾಯಿತು. ಅಕ್ಕನ ಮೇಲಿದ್ದದ್ದು ಹಾಗೇ ಉಳಿಯಿತು.

ಹೀಗೆ ಐದು ದಿನ ಕಳೆಯಿತು. ಚಂಡಿ ದಿನಾ ರಾತ್ರಿ ಫ್ರಾಕನ್ನು ತಾನೇ ಒಗೆದು ಬಾಲ್ಕನಿಯಲ್ಲಿ ಹಾಕಿ, ಅಮ್ಮನ ಸೀರೆ ಸುತ್ತಿಕೊಂಡು ಮಲಗುತ್ತಿದ್ದಳು. ಬೆಳಗ್ಗೆ ಅದು ಪೂರ್ತಿ ಒಣಗದಿದ್ದರೂ ಹಾಗೇ ಹಾಕಿಕೊಂಡು ಸೀನುತ್ತಿದ್ದಳು. ಅಮ್ಮ ಬೈದಳು, ಬೇಡಿಕೊಂಡಳು, ಚಾಕಲೇಟಿನ ಆಸೆ ತೋರಿಸಿದಳು. “ನನ್ನ ಮಾನ ಕಳೀತಿದ್ದೀಯಲ್ಲೇ” ಎಂದು ಗೋಳಾಡಿದಳು. ಚಂಡಿ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಬಸ್ ಓಡಿಸುವ ದೊಡ್ಡಪ್ಪ ಮಾತ್ರ, “ನಿನ್ನ ಯೂನಿಫಾರ್ಮು ನನ್ನದಕ್ಕಿಂತ ಚೆನ್ನಾಗಿದೆ” ಎಂದು ಸೆಲ್ಯೂಟ್ ಹೊಡೆದು ಡ್ಯೂಟಿಗೆ ಹೋಗುತ್ತಿದ್ದರು.

ಅಕ್ಕನದು ಒಂದೇ ಕೆಲಸ. ಫ್ರಾಕಿನ ಕಡೆ ಒಮ್ಮೆ ನೋಡುವುದು, ಮುಖ ತಿರುಗಿಸುವುದು. ‘ಜಂಬ!’ ಎಂದುಕೊಂಡಳು ಚಂಡಿ. ‘ಹಳೇ ಬಟ್ಟೆ ಕೊಟ್ಟೆ ಅಂತ ಜಂಬ!’

ಆರನೇ ದಿನ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಅಕ್ಕನ ಕೋಣೆಗೆ ನುಗ್ಗಿದಳು. ಎರಡೂ ಕೈಯಲ್ಲಿ ಬಟ್ಟೆ ಬಾಚಿ ಬಾಚಿ ಮಂಚದ ಮೇಲೆ ಸುರಿದಳು.

“ತಗೋ! ಎಲ್ಲಾ ನಿಂದೇ. ನೀನೇ ಇಟ್ಕೋ. ನಿನ್ನ ಹಳೇ ಬಟ್ಟೆ ಕೊಡು ಅಂತ ನಾನೇನು ಕೇಳಿರ್ಲಿಲ್ಲ!”

ಅಕ್ಕ ಪುಸ್ತಕ ಓದುತ್ತಿದ್ದವಳು ದಡಕ್ಕನೆ ಎದ್ದಳು. ರಾಶಿಯ ಮೇಲೆ ಹನ್ನೊಂದನೇ ನಂಬರು ಕಾಣುತ್ತಿತ್ತು. ಅವಳು ಅದನ್ನು ಎಳೆದು ಎದೆಗೆ ಅವುಚಿಕೊಂಡಳು. ಚಂಡಿ ನೋಡುತ್ತಿದ್ದ ಹಾಗೇ ಅಕ್ಕನ ಕಣ್ಣಲ್ಲಿ ನೀರು ತುಂಬಿತು.

“ನಾನೆಲ್ಲಿ ಕೊಟ್ಟೆ?” ಎಂದಳು ಅಕ್ಕ. “ನಾನು ಕೊಡ್ಲೇ ಇಲ್ಲ!”

ಚಂಡಿಗೆ ಅರ್ಥವಾಗಲಿಲ್ಲ. “ಅಂದ್ರೆ?”

“ಇದನ್ನ ಹಾಕ್ಕೊಂಡು ನಾನು ಫಸ್ಟ್ ಗೋಲ್ ಹೊಡ್ದಿದ್ದೆ. ಒಂದಿನ ಸ್ಕೂಲಿಂದ ಬಂದು ನೋಡಿದ್ರೆ ಇಲ್ಲ. ಒಂದು ವಾರ ಹುಡುಕ್ದೆ. ಅಮ್ಮ, ಒಗೆಯೋದಕ್ಕೆ ಹಾಕಿರ್ಬೇಕು ಅಂದ್ರು. ಆಮೇಲೆ ಚಿಕ್ಕಮ್ಮ ಫೋಟೋ ಕಳಿಸಿದ್ರು. ಫೋಟೋದಲ್ಲಿ ನೀನು ಇದನ್ನ ಹಾಕ್ಕೊಂಡು ನಗ್ತಿದ್ದೆ.”

“ನೀನು ಕೇಳ್ಲಿಲ್ವಾ?”

“ಕೇಳ್ದೆ. ‘ತಂಗಿಗೆ ಕೊಡೋದಕ್ಕೂ ಹೊಟ್ಟೆಕಿಚ್ಚಾ’ ಅಂತ ಬೈದ್ರು. ಪ್ರತಿ ವರ್ಷ ಹೀಗೇ. ಟೈಟ್ ಆಯ್ತು ಅಂತಾರೆ. ನನಗೆ ಟೈಟ್ ಅಂತ ನಾನು ಹೇಳಿರೋದೇ ಇಲ್ಲ.”

ಅಷ್ಟು ದಿನ ಚಂಡಿ ಕೂಡಿಟ್ಟಿದ್ದ ಕೋಪಕ್ಕೆ ಈಗ ಕೂರಲು ಜಾಗವೇ ಇರಲಿಲ್ಲ. ಮೈದಾನದಲ್ಲಿ ಅಕ್ಕ ಮುಖ ತಿರುಗಿಸಿದ್ದು ಅವಳಿಗೆ ನೆನಪಾಯಿತು. ಅದು ಜಂಬ ಅಲ್ಲವೇ ಅಲ್ಲ.

“ಇದು ನಿನಗೀಗ ಆಗಲ್ಲ ಅಲ್ವಾ?” ಎಂದು ಮೆಲ್ಲಗೆ ಕೇಳಿದಳು.

“ಆಗಲ್ಲ” ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. “ಆದ್ರೂ ಇದು ನಂದು.”

“ಹೌದು. ನಿಂದೇ” ಎಂದಳು ಚಂಡಿ.

ಅಕ್ಕ ಅದನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಆ ಸಂಜೆ ಇಬ್ಬರೂ ಸೇರಿ ಮೈದಾನಕ್ಕೆ ಹೋದರು. ಕಂದು ಫ್ರಾಕಿನಲ್ಲೇ ಚಂಡಿ ಗೋಲ್ ಕೀಪರ್ ಆದಳು. ಅಷ್ಟು ಅಗಲದ ಫ್ರಾಕನ್ನು ದಾಟಿ ಒಂದು ಚೆಂಡೂ ಒಳಗೆ ಹೋಗಲಿಲ್ಲ. ಬ್ಯಾಂಡೇಜ್ ಹುಡುಗ ತಲೆ ಕೆರೆದುಕೊಂಡ.

ಊರಿಗೆ ಹೊರಡುವ ಹಿಂದಿನ ದಿನ ಬಂತು. ಅಕ್ಕ ಕೆಳಗೆ ಅಂಗಡಿಗೆ ಹೋಗಿದ್ದಳು. ದೊಡ್ಡಮ್ಮ ಹಾಲಿನ ನೆಲದ ಮೇಲೆ ಬಟ್ಟೆಗಳ ಗುಡ್ಡೆ ಹಾಕಿಕೊಂಡು ಕೂತು, ಸೂಟ್‌ಕೇಸಿಗೆ ಒಂದೊಂದೇ ತುಂಬುತ್ತಿದ್ದರು. ಅಮ್ಮ ಪಕ್ಕದಲ್ಲಿ ಮಡಿಸಿ ಕೊಡುತ್ತಿದ್ದಳು. ಪ್ಯಾಂಟು, ಸ್ಕರ್ಟು, ಎರಡು ಸ್ವೆಟರ್, ಹಸಿರು ಬಣ್ಣದ ಜಿಪ್ ಜಾಕೆಟ್. ಈ ವರ್ಷದ ಕಪಾಟು ಹೀಗೆ ಖಾಲಿಯಾಗುತ್ತಿತ್ತು.

ಚಂಡಿ ಬಂದು ಎದುರಿಗೆ ಕೂತಳು. ದೊಡ್ಡಮ್ಮ ಒಂದು ಹಾಕಿದರು. ಚಂಡಿ ಒಂದು ತೆಗೆದಳು. ದೊಡ್ಡಮ್ಮ ಇನ್ನೊಂದು ಹಾಕಿದರು. ಚಂಡಿ ಇನ್ನೊಂದು ತೆಗೆದಳು.

“ಏನೇ ಇದು ಆಟ?” ಎಂದು ಅಮ್ಮ ಗದರಿದಳು.

“ಅಕ್ಕನ್ನ ಕೇಳಿದ್ರಾ ದೊಡ್ಡಮ್ಮ?”

“ಮಕ್ಕಳನ್ನ ಏನು ಕೇಳೋದು? ಬೆಳೀತಾರೆ, ಚಿಕ್ಕದಾಗುತ್ತೆ, ನಿನಗೆ ಕಳಿಸ್ತೀವಿ.”

“ಅಂಗಡಿಗೆ ಬಂದ ಅಜ್ಜನ್ನ ಅಷ್ಟು ಸಲ ಕೇಳಿದ್ರಿ. ಒತ್ತುತ್ತಾ, ಜಾರುತ್ತಾ ಅಂತ. ಅಕ್ಕನ್ನ ಒಂದು ಸಲಾನೂ ಕೇಳಲ್ಲ. ನನ್ನನ್ನೂ ಕೇಳಲ್ಲ. ಹಾಕ್ಕೊಳೋರು ನಾವು ತಾನೆ?”

“ಚಂಡೀ! ದೊಡ್ಡೋರಿಗೆ ಎದುರು ಮಾತಾಡ್ತೀಯಾ?” ಅಮ್ಮನ ಮುಖ ಕೆಂಪಾಯಿತು. “ಕ್ಷಮೆ ಕೇಳು ಮೊದ್ಲು!”

ಚಂಡಿ ಸೂಟ್‌ಕೇಸಿನೊಳಗೆ ಎರಡೂ ಕೈ ಚಾಚಿ, ಉಳಿದದ್ದನ್ನೆಲ್ಲ ಒಟ್ಟಿಗೆ ಎತ್ತಿ ಹೊರಗೆ ಹಾಕಿದಳು. “ಕೇಳಲ್ಲ. ಅಕ್ಕನ್ನ ಕೇಳೋವರೆಗೂ ಇದನ್ನ ತುಂಬೋದಕ್ಕೆ ಬಿಡಲ್ಲ.”

ದೊಡ್ಡಮ್ಮನ ಕೈಯಲ್ಲಿ ಒಂದು ಸ್ವೆಟರ್ ಇತ್ತು. ಅದನ್ನು ನೋಡುತ್ತ ನೋಡುತ್ತ ಇದ್ದಕ್ಕಿದ್ದಂತೆ ಅಮ್ಮನ ಕಡೆ ತಿರುಗಿದರು.

“ಆ ನೀಲಿ ಸ್ವೆಟರ್ ನೆನಪಿದ್ಯಾ? ನಮ್ಮಮ್ಮ ನನ್ನಿಂದ ತೆಗೆದು ನಿನಗೆ ಕೊಟ್ರಲ್ಲ. ಅದು ನನಗಿನ್ನೂ ಆಗ್ತಿತ್ತು ಕಣೇ.”

ಅಮ್ಮ ಕಣ್ಣು ಅಗಲಿಸಿದಳು. “ನನಗೇನು ಅದು ಬೇಕಾಗಿತ್ತಾ? ತೋಳು ಮಂಡಿವರೆಗೆ ಬರ್ತಿತ್ತು! ಮಡಚಿ ಮಡಚಿ ಪಿನ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ಕ್ಲಾಸಲ್ಲಿ ಎಲ್ಲರೂ ನಗೋರು.”

“ಬೇಡ ಅನ್ಬೇಕಾಗಿತ್ತು.”

“ನೀನು ಕೊಡಲ್ಲ ಅನ್ಬೇಕಾಗಿತ್ತು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೂವತ್ತು ವರ್ಷದ ಹಿಂದಿನ ಸ್ವೆಟರಿಗೆ ಈಗ ಜಗಳ! ಮೊದಲು ನಕ್ಕದ್ದು ಅಮ್ಮ. ಆಮೇಲೆ ದೊಡ್ಡಮ್ಮನೂ ನಕ್ಕರು. ಆದರೆ ಅವರ ನಗು ಬೇಗ ನಿಂತಿತು.

ಬಾಗಿಲು ತೆರೆದು ಅಕ್ಕ ಬಂದಳು. ನೆಲದ ಮೇಲೆ ಹರಡಿದ್ದ ಬಟ್ಟೆಗಳನ್ನು ಕಂಡು ಅಲ್ಲೇ ನಿಂತಳು.

“ಬಾ ಇಲ್ಲಿ” ಎಂದರು ದೊಡ್ಡಮ್ಮ. ಕೈಯಲ್ಲಿದ್ದ ಸ್ವೆಟರನ್ನು ಕೆಳಗಿಟ್ಟರು. “ನೀನೇ ನೋಡು. ಕೊಡೋದಿದ್ರೆ ಕೊಡು. ಇಲ್ಲಾಂದ್ರೆ ಬೇಡ. ನಾನು ಏನೂ ಅನ್ನಲ್ಲ.”

ಅಕ್ಕ ನಂಬದವಳ ಹಾಗೆ ಎಲ್ಲರ ಮುಖ ನೋಡಿದಳು. ಮೆಲ್ಲಗೆ ಮಂಡಿಯೂರಿ ಕೂತಳು. ಒಂದು ಪ್ಯಾಂಟ್ ಎತ್ತಿ ಸೂಟ್‌ಕೇಸಿಗೆ ಹಾಕಿದಳು. ಸ್ಕರ್ಟನ್ನು ತನ್ನ ಪಕ್ಕಕ್ಕೆ ಇಟ್ಟುಕೊಂಡಳು. ಆಮೇಲೆ ಹಸಿರು ಜಾಕೆಟ್ ಕೈಗೆ ಬಂತು. ಅದರ ಜಿಪ್ಪನ್ನು ಒಮ್ಮೆ ಮೇಲೆಳೆದು ಕೆಳಗಿಳಿಸಿದಳು. ಚಂಡಿಯ ಕಡೆ ತಿರುಗಿ ಚಾಚಿದಳು.

“ಇದು ನಿನಗೆ ಬೇಕಾ?”

ಚಂಡಿಯ ಹತ್ತು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಜಾಕೆಟ್ ಚೆನ್ನಾಗಿತ್ತು. ಒಳಗೆ ಮೆತ್ತಗೆ, ಹೊರಗೆ ನುಣ್ಣಗೆ, ಜೇಬಿಗೂ ಜಿಪ್ಪು. ಬೇಕು ಎನ್ನಲು ಅವಳ ಬಾಯಿ ತೆರೆದಿತ್ತು. ಜಾಕೆಟನ್ನು ಹಿಡಿದೂ ಆಗಿತ್ತು.

ಆದರೆ ಅದು ಅವಳ ಕೈಗೆ ಬರಲಿಲ್ಲ. ಅಕ್ಕ ಕೊಡುತ್ತಿದ್ದಳು, ನಗುತ್ತಲೂ ಇದ್ದಳು. ಆದರೆ ತೋಳಿನ ತುದಿಯನ್ನು ಹಿಡಿದಿದ್ದ ಅವಳ ಬೆರಳುಗಳು ಇನ್ನೂ ಬಿಟ್ಟಿರಲಿಲ್ಲ. ಅದು ಬಹುಶಃ ಅಕ್ಕನಿಗೇ ಗೊತ್ತಿರಲಿಲ್ಲ.

ಚಂಡಿ ಆ ಬೆರಳುಗಳನ್ನು ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

“ಬೇಡ” ಎಂದಳು. “ಮುಂದಿನ ವರ್ಷ ಕೇಳು.”

ಅಕ್ಕ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ, ಆ ಸುಡು ಬೇಸಿಗೆಯಲ್ಲಿ, ಮನೆಯೊಳಗೇ ಜಾಕೆಟ್ ತೊಟ್ಟು ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಳು.